ವೆಲ್ಡಿಂಗ್ ಅಷ್ಟಕ್ಕಷ್ಟೇ, ಸ್ಮೋಕರ್ ಮಾತ್ರ ಬೇಕು: ಯಾವುದನ್ನು ಕಟ್ಟಿಕೊಳ್ಳೋದು?

ಯುಗಾದಿ ಹತ್ತಿರ ಬಂತು ಅಂದರೆ ಸಾಕು, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ವರ್ಷತೊಡಕಿಗೆ ಈ ಸಲ ಸಾರು, ಚಾಪ್ಸ್ ಜೊತೆಗೆ ಒಂದು ತೊಡೆ ಹೊಗೆಯಲ್ಲಿ ಬೇಯಿಸೋಣ ಅಂತಿದ್ದೀನಿ. ಸ್ಮೋಕರ್, ಅಂದ್ರೆ ಹೊಗೆಯಲ್ಲಿ ಬೇಯಿಸೋ ಒಲೆ, ನಾನೇ ಮಾಡ್ಕೋಬಹುದಾ? ವೆಲ್ಡಿಂಗ್ ಒಂದೆರಡು ಸಲ ಮಾಡಿದ್ದೀನಿ, ಅಷ್ಟೇ." ಅಷ್ಟು ಹೊತ್ತಿಗೆ ಹತ್ತಾರು ವಿಡಿಯೊ ನೋಡಿರುತ್ತಾರೆ. ಒಂದರಲ್ಲಿ ಡ್ರಮ್, ಇನ್ನೊಂದರಲ್ಲಿ ಇಟ್ಟಿಗೆ ಗೂಡು, ಮತ್ತೊಂದರಲ್ಲಿ ರೈಲು ಎಂಜಿನ್ ಥರದ ಕಬ್ಬಿಣದ ದೈತ್ಯ. ಯಾವುದಕ್ಕೆ ಕೈ ಹಾಕೋದು ಅಂತ ತಿಳಿಯದೆ ಕೂತಿರುತ್ತಾರೆ.

ನಾನೂ ಹಾಗೇ ಕೂತಿದ್ದೆ. ಆಮೇಲೆ ಸರಿಯಾಗಿ ತಪ್ಪು ದಾರಿಯನ್ನೇ ಹಿಡಿದೆ. ಡ್ರಮ್ಮನ್ನು ಅಡ್ಡಡ್ಡ ಮಲಗಿಸಿ, ಉದ್ದಕ್ಕೆ ಸೀಳಿ ಮುಚ್ಚಳ ಮಾಡಿ, ಪಕ್ಕಕ್ಕೆ ಒಂದು ಒಲೆಗೂಡು ಬೆಸೆಯಲು ಹೋದೆ. ಬೆಸೆದದ್ದಕ್ಕಿಂತ ತೂತು ಬಿದ್ದದ್ದೇ ಜಾಸ್ತಿ. ಮುಚ್ಚಳ ಒಂದು ಮೂಲೆಯಲ್ಲಿ ಎರಡು ಬೆರಳು ಎದ್ದು ನಿಂತಿತು. ವರ್ಷತೊಡಕಿನ ದಿನ ಮಳವಳ್ಳಿ ಕಡೆಯ ನಮ್ಮ ಊರಿಗೆ ಅದನ್ನು ಹೊತ್ತುಕೊಂಡು ಹೋಗಿ ಒಂದು ತೊಡೆ ಇಟ್ಟೆ. ಮುಚ್ಚಳದ ಸಂದಿಯಿಂದ ಗಾಳಿ ನುಗ್ಗಿ ಬೆಂಕಿ ಧಗಧಗ ಉರಿಯಿತು. ಹೊರಗೆ ಇದ್ದಿಲು, ಒಳಗೆ ಹಸಿ. ನಮ್ಮ ಸೋದರಮಾವ ಬಂದು ನೋಡಿದರು. "ಏನ್ಲಾ ಅಳಿಮಯ್ಯ, ಕುರಿ ಬೇಯ್ಸಿದ್ಯೋ, ಸಂಸ್ಕಾರ ಮಾಡಿದ್ಯೋ?" ಅಂದರು.

ಆಮೇಲಿನ ವರ್ಷಗಳಲ್ಲಿ ಮೂರು ಥರದ್ದನ್ನು ಕಟ್ಟಿದೆ, ಒಂದನ್ನು ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದೆ. ಅದರಲ್ಲಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಅಳತೆಗೋಲು

ಸ್ಮೋಕರ್ ಅಂದರೆ ಕೆಂಡದ ಮೇಲೆ ಸುಡುವ ಗ್ರಿಲ್ ಅಲ್ಲ. ನಮ್ಮ ಹಿರಿಯರು ಉಪ್ಪುಕಂಡವನ್ನು ಒಲೆ ಮೇಲೆ ತೂಗುಹಾಕುತ್ತಿದ್ದರಲ್ಲ, ಅದರಲ್ಲಿ ಹೊಗೆ ಇತ್ತು, ಬೇಯಿಸುವಷ್ಟು ಬಿಸಿ ಇರಲಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಬಾರ್ಬೆಕ್ಯೂನಲ್ಲಿ ಹೊಗೆ, ಬಿಸಿ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಟೆಕ್ಸಾಸಿನಲ್ಲಿ ದನದ ಎದೆಭಾಗ, ಕ್ಯಾರೊಲೈನಾ ಕಡೆ ಹಂದಿ. ಎಲ್ಲಿ ಹೋದರೂ ತಾಪ ಮಾತ್ರ ಹೆಚ್ಚುಕಡಿಮೆ ಒಂದೇ: 110ರಿಂದ 130 ಡಿಗ್ರಿ ಸೆಲ್ಸಿಯಸ್. ಅಷ್ಟರಲ್ಲೇ ಐದಾರು ಗಂಟೆ ನಿಲ್ಲಿಸಬೇಕು. ಮೇಲೆ ಹೋದರೆ ಒಣಗುತ್ತದೆ, ಕೆಳಗೆ ಬಂದರೆ ಬೇಯುವುದೇ ಇಲ್ಲ.

ಹಾಗಾಗಿ ನನ್ನ ಮೊದಲ ಪ್ರಶ್ನೆ: ಗಾಳಿ ನೀವು ಬಿಟ್ಟ ಕಡೆಯಿಂದ ಮಾತ್ರ ಒಳಗೆ ಬರುತ್ತದಾ? ಬೆಂಕಿಯ ಲಗಾಮು ಗಾಳಿ. ಸೌದೆ ಎಷ್ಟೇ ಇರಲಿ, ಗಾಳಿ ಕಮ್ಮಿ ಮಾಡಿದರೆ ಬೆಂಕಿ ತಣ್ಣಗಾಗುತ್ತದೆ. ಸಂದಿಯಿಂದ ಗಾಳಿ ಸೋರಿದರೆ ಲಗಾಮು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಎರಡನೆಯದು, ವೆಲ್ಡಿಂಗ್ ಎಷ್ಟು ಬೇಕು ಅನ್ನೋದಕ್ಕಿಂತ ಯಾವ ಥರದ ವೆಲ್ಡಿಂಗ್ ಬೇಕು ಅನ್ನೋದು. ಇದನ್ನು ಯಾರೂ ಹೇಳುವುದಿಲ್ಲ. ತೆಳು ತಗಡು ಬೆಸೆಯುವುದು ದಪ್ಪ ಪ್ಲೇಟ್ ಬೆಸೆಯುವುದಕ್ಕಿಂತ ಕಷ್ಟ. ಡ್ರಮ್ಮಿನ ತಗಡು ಸುಮಾರು 1 ಮಿಲಿಮೀಟರ್. ಹತ್ತು ನಂಬರ್ ವೆಲ್ಡಿಂಗ್ ರಾಡ್ (ನಂಬರ್ ಹೆಚ್ಚಿದಷ್ಟೂ ರಾಡ್ ತೆಳು) ಮುಟ್ಟಿಸಿದರೆ ಕ್ಷಣದಲ್ಲಿ ತೂತು. 3 ಮಿಲಿಮೀಟರ್ ಪ್ಲೇಟಾದರೆ ಹನ್ನೆರಡು ನಂಬರ್ ರಾಡಿನಲ್ಲಿ, 70–80 ಆಂಪಿಯರ್ ಇಟ್ಟು, ಹೊಸಬರೂ ಹೇಗೋ ಅಂಟಿಸಬಹುದು. ಅಂದರೆ ಡ್ರಮ್ಮಿನಷ್ಟು ಸುಲಭ ಯಾವುದೂ ಇಲ್ಲ, ಬೆಸೆಯದಿದ್ದರೆ. ಬೆಸೆಯಲು ಹೋದರೆ ಅದರಷ್ಟು ಕಷ್ಟವೂ ಯಾವುದೂ ಇಲ್ಲ.

ಉಳಿದವು ನಿಮಗೇ ಗೊತ್ತಿರುವಂಥವು. ಎಷ್ಟು ಜನಕ್ಕೆ, ಸ್ವಂತ ಮನೆಯಾ ಬಾಡಿಗೆಯಾ, ಹಿತ್ತಲಾ ತಾರಸಿಯಾ, ಮಳೆಗೆ ನೆನೆಯುತ್ತದಾ, ಕೈಯಲ್ಲಿ ಎಷ್ಟಿದೆ. ದುಡ್ಡಿನ ಲೆಕ್ಕ ಹಾಕುವಾಗ ಇದ್ದಿಲು, ಸೌದೆಯನ್ನು ಮರೆಯಬೇಡಿ. ಕೆಲವು ಸ್ಮೋಕರ್ ಕಟ್ಟಲು ಅಗ್ಗ, ಸಾಕಲು ದುಬಾರಿ.

ಮಣ್ಣಿನ ಕುಂಡ: ಬಾಡಿಗೆ ಮನೆಯವರಿಗೆ

ಎರಡು ದೊಡ್ಡ ಮಣ್ಣಿನ ಹೂಕುಂಡ, ಒಂದರ ಮೇಲೊಂದು ಬಾಯಿಗೆ ಬಾಯಿ ಕೊಟ್ಟು ಕವುಚಿ ಇಡುವುದು. ಕೆಳಗಿನದರ ತಳದಲ್ಲಿ ಒಂದು ಕಾಯಿಲ್ ಸ್ಟೌ. ಅದರ ಮೇಲೆ ಕಬ್ಬಿಣದ ತಟ್ಟೆಯಲ್ಲಿ ಸೌದೆ ಚಕ್ಕೆ. ಅದರ ಮೇಲೆ ಜಾಲರಿ, ಜಾಲರಿ ಮೇಲೆ ಕೋಳಿ. ಮೇಲಿನ ಕುಂಡದ ತಳದ ತೂತೇ ಹೊಗೆಗೂಡು. ವೈರನ್ನು ಕೆಳಗಿನ ಕುಂಡದ ತೂತಿನಿಂದ ಹೊರಗೆ ತರುತ್ತೀರಿ. ಅಲ್ಲಿಗೆ ಮುಗಿಯಿತು. ವೆಲ್ಡಿಂಗ್ ಇಲ್ಲ, ಡ್ರಿಲ್ಲಿಂಗ್ ಇಲ್ಲ.

ಮಣ್ಣು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ತಾಪ ಜಿಗಿದಾಡುವುದಿಲ್ಲ. ಮೈಸೂರಲ್ಲಿ ಕುಂಬಾರಗೇರಿ ಕಡೆ ಹೋಗಿ ಕೇಳಿದರೆ ಬೇಕಾದ ಬಾಯಗಲ ಹೇಳಿ ಮಾಡಿಸಿಕೊಳ್ಳಲೂಬಹುದು. ಬಣ್ಣ, ಪಾಲಿಶ್ ಬಳಿದ ಕುಂಡ ಬೇಡ. ಸಾವಿರದೈನೂರು, ಎರಡು ಸಾವಿರದಲ್ಲಿ ಎಲ್ಲಾ ಆಗಿಹೋಗುತ್ತದೆ.

ಕೊರತೆ ಎರಡು. ಒಂದೂವರೆ ಕೆಜಿ ಮೀರಿ ಹಿಡಿಯುವುದಿಲ್ಲ. ಮತ್ತೆ, ನೆನೆದ ಕುಂಡವನ್ನು ಏಕಾಏಕಿ ಕಾಯಿಸಿದರೆ ಠಪ್ ಅಂತ ಸೀಳುತ್ತದೆ. ಮೊದಲ ಅರ್ಧ ಗಂಟೆ ನಿಧಾನಕ್ಕೆ ಕಾಯಿಸಬೇಕು. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ, ವರ್ಷಕ್ಕೊಮ್ಮೆ ಮನೆ ಬದಲಿಸುವವರಿಗೆ ಇದೇ ಸರಿ. ಮುಚ್ಚಿದ ಬಾಲ್ಕನಿಯಲ್ಲಿ, ಅಡುಗೆಮನೆಯಲ್ಲಿ ಮಾತ್ರ ಬೇಡ. ಕುಂಡ ಇರಲಿ, ಡ್ರಮ್ ಇರಲಿ, ಇದ್ದಿಲು ಸೌದೆ ಅರೆಬರೆ ಉರಿದಾಗ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇರುವುದಿಲ್ಲ. ಜೀವ ತೆಗೆಯುತ್ತದೆ.

ನಿಂತ ಡ್ರಮ್: ನನ್ನ ಓಟು ಇದಕ್ಕೆ

ಇನ್ನೂರು ಲೀಟರಿನ ಡ್ರಮ್ಮನ್ನು ಮಲಗಿಸಬೇಡಿ, ಸೀಳಬೇಡಿ, ನಿಂತ ಹಾಗೇ ಬಿಡಿ. ತಳದಲ್ಲಿ ಕೆಂಡ, ಮೇಲೆ ಜಾಲರಿ, ಅದರ ಮೇಲೆ ಮುಚ್ಚಳ. ಹೊಗೆ ತಾನಾಗಿ ಮೇಲಕ್ಕೆ ಏಳುತ್ತದೆ. ಅಮೆರಿಕದ ಹವ್ಯಾಸಿಗಳಲ್ಲಿ ಇದು ಬಲು ಜನಪ್ರಿಯ, ಯಾಕೆಂದರೆ ಒಂದು ಡ್ರಿಲ್ ಮಷಿನ್, ಒಂದಷ್ಟು ನಟ್ಟು ಬೋಲ್ಟು ಇದ್ದರೆ ಒಂದು ಭಾನುವಾರದಲ್ಲಿ ಮುಗಿಯುತ್ತದೆ.

ಎಲ್ಲಾ ನಿಂತಿರುವುದು ಡ್ರಮ್ ಆರಿಸುವುದರ ಮೇಲೆ. ಡ್ರಮ್ಮಿನಲ್ಲಿ ಎರಡು ಜಾತಿ. ಒಂದಕ್ಕೆ ಮೇಲೆ ಸಣ್ಣ ಬಿರಡೆ ಮಾತ್ರ, ಪೂರಾ ಮುಚ್ಚಿದ್ದು. ಇನ್ನೊಂದಕ್ಕೆ ಪೂರ್ತಿ ತೆಗೆಯುವ ಮುಚ್ಚಳ, ಸುತ್ತ ಒಂದು ಬಳೆಯ ಹಿಡಿತ. ನಿಮಗೆ ಬೇಕಾದ್ದು ಎರಡನೆಯದು. ಆ ಮುಚ್ಚಳವನ್ನು ಕಾರ್ಖಾನೆಯಲ್ಲೇ ಅಳತೆಗೆ ಕೂರಿಸಿರುತ್ತಾರೆ, ನೀವು ಏನೂ ಮಾಡಬೇಕಿಲ್ಲ. ಮಾವಿನ ತಿರುಳು ಇಂಥ ಡ್ರಮ್ಮುಗಳಲ್ಲೇ ಬರುತ್ತದೆ, ಒಳಗೆ ಚೀಲದಲ್ಲಿ ತುಂಬಿರುತ್ತಾರೆ. ಹಣ್ಣಿನ ತಿರುಳು, ಅಡುಗೆ ಎಣ್ಣೆ ತುಂಬಿದ್ದ ಡ್ರಮ್ ಸಿಕ್ಕರೆ ಬಿಡಬೇಡಿ. ಥಿನ್ನರ್, ಕೀಟನಾಶಕ, ಬಣ್ಣ, ಏನೆಂದು ಗೊತ್ತಿಲ್ಲದ ಕೆಮಿಕಲ್ ಇದ್ದ ಡ್ರಮ್ ಪುಕ್ಕಟೆ ಕೊಟ್ಟರೂ ಬೇಡ. ಮುಚ್ಚಿದ ಡ್ರಮ್ಮಿಗೆ ಕಬ್ಬಿಣ ಕತ್ತರಿಸುವ ಗ್ರೈಂಡರ್ ಇಟ್ಟರೆ ಒಳಗೆ ಉಳಿದ ಆವಿಗೆ ಕಿಡಿ ತಾಗಿ ಸ್ಫೋಟವಾಗಬಹುದು. ಗುಜರಿ ಅಂಗಡಿಯಲ್ಲಿ "ಏನಿಲ್ಲ ಸಾರ್, ತೊಳೆದಿದ್ದೀವಿ" ಅನ್ನುತ್ತಾರೆ. ಬಿರಡೆ ತೆಗೆದು ಮೂಸಿ ನೋಡಿ. ವಾಸನೆ ಬಂದರೆ ನಮಸ್ಕಾರ ಹೇಳಿ ಬನ್ನಿ.

ತಂದ ಮೇಲೆ ಸುಡಬೇಕು. ಒಳಗಿನ ಬಣ್ಣ, ಲೇಪ ಪೂರ್ತಿ ಹೋಗುವಷ್ಟು ಸೌದೆ ಹಾಕಿ, ಗಂಟೆಗಟ್ಟಲೆ. ಇದನ್ನು ಕುವೆಂಪುನಗರದ ಮೂವತ್ತು ನಲವತ್ತರ ಸೈಟಿನಲ್ಲಿ ಮಾಡಿದರೆ ಅಕ್ಕಪಕ್ಕದವರು ಫೈರ್ ಎಂಜಿನ್ ಕರೆಸುತ್ತಾರೆ. ಗದ್ದೆ ಬಯಲಿಗೆ ತಗೊಂಡು ಹೋಗಿ. ಆರಿದ ಮೇಲೆ ಕಂಬಿ ಬ್ರಶ್ಶಿನಲ್ಲಿ ಉಜ್ಜಿ, ತೊಳೆದು, ಕಡಲೆಕಾಯಿ ಎಣ್ಣೆ ಸವರಿ ಮತ್ತೊಂದು ಸಲ ಕಾಯಿಸಿ. ಹೊಸ ಕಾವಲಿಯನ್ನು ಪಳಗಿಸುತ್ತೀವಲ್ಲ, ಅದೇ ಕೆಲಸ.

ತಳದಿಂದ ನಾಲ್ಕು ಬೆರಳು ಮೇಲೆ, ಸುತ್ತ ನಾಲ್ಕು ತೂತು, ಮುಕ್ಕಾಲು ಇಂಚಿನ ಪೈಪಿಗೆ ಆಗುವಂತೆ. ಒಳಗೊಂದು ಹೊರಗೊಂದು ಚೆಕ್‌ನಟ್ (ಪೈಪ್ ಬಿಗಿಯುವ ನಟ್ಟು) ಹಾಕಿ ನಿಪ್ಪಲ್, ಅಂದರೆ ತಿರುಪು ಇರುವ ಸಣ್ಣ ಪೈಪ್ ತುಂಡು, ಬಿಗಿಯಿರಿ. ಒಂದಕ್ಕೆ ಬಾಲ್ ವಾಲ್ವ್, ಉಳಿದ ಮೂರಕ್ಕೆ ಕ್ಯಾಪ್. ನಲ್ಲಿ ತಿರುಗಿಸಿದ ಹಾಗೆ ಗಾಳಿ ತಿರುಗಿಸಬಹುದು. ನಿಪ್ಪಲ್ ಎಂ.ಎಸ್. (ಮೈಲ್ಡ್ ಸ್ಟೀಲ್, ಸಾದಾ ಕಬ್ಬಿಣ) ಅಥವಾ ಹಿತ್ತಾಳೆಯದು ಇರಲಿ, ಜಿ.ಐ. (ಸತು ಲೇಪಿಸಿದ ಕಬ್ಬಿಣ) ಬೇಡ. ಮುಚ್ಚಳದಲ್ಲಿ ಅರ್ಧ ಇಂಚಿನ ಎಂಟು ತೂತು. ಎಕ್ಸ್‌ಪ್ಯಾಂಡೆಡ್ ಮೆಶ್ (ಕಬ್ಬಿಣದ ಗಟ್ಟಿ ಬಲೆ) ಸುತ್ತಿ, ಬೋಲ್ಟು ಹಾಕಿ ಇದ್ದಿಲಿನ ಬುಟ್ಟಿ ಮಾಡಿ. ಬೂದಿ ಕೆಳಗೆ ಬೀಳಲು ಅದಕ್ಕೆ ಮೂರಿಂಚಿನ ಕಾಲು. ಇದ್ದಿಲಿನಿಂದ ಜಾಲರಿಗೆ ಎರಡು ಅಡಿ ಅಂತರ ಇದ್ದರೆ ಮಾಂಸ ಸುಡುವುದಿಲ್ಲ. ಬುಟ್ಟಿ ತುಂಬ ಹೊತ್ತಿಸದ ಇದ್ದಿಲು, ಮೇಲೆ ಒಂದೆರಡು ಹಿಡಿ ಹೊತ್ತಿದ ಕೆಂಡ, ನಡುನಡುವೆ ಮೂರು ನಾಲ್ಕು ಸೌದೆ ತುಂಡು. ಬೆಂಕಿ ಮೇಲಿನಿಂದ ಕೆಳಕ್ಕೆ ನಿಧಾನಕ್ಕೆ ಇಳಿಯುತ್ತದೆ. ನನ್ನದರಲ್ಲಿ ನಾಲ್ಕು ಕೆಜಿ ಇದ್ದಿಲು ಏಳೆಂಟು ಗಂಟೆ ಬರುತ್ತದೆ. ನಡುವೆ ಎದ್ದು ಹೋಗಿ ಒಂದು ಸಿನಿಮಾ ನೋಡಬಹುದು.

ತಾಪ ಜಾಸ್ತಿಯಾದರೆ ಹೊಸಬರು ಮೇಲಿನ ತೂತು ಮುಚ್ಚುತ್ತಾರೆ. ಅದು ತಪ್ಪು. ಹೊಗೆ ಒಳಗೆ ಕೊಳೆತು ಮಾಂಸ ಕಹಿಯಾಗುತ್ತದೆ. ಮೇಲಿನದು ಸದಾ ತೆರೆದಿರಲಿ, ಕೆಳಗಿನ ವಾಲ್ವ್ ತಿರುಗಿಸಿ. ಹೊಗೆ ದಟ್ಟ ಬಿಳಿ ಇದ್ದರೆ ಇನ್ನೂ ಮಾಂಸ ಇಡಬೇಡಿ. ಕಂಡೂ ಕಾಣದ ತೆಳು ನೀಲಿ ಬಂದಾಗ ಇಡಿ.

ಖರ್ಚು? ನನಗೆ ಒಟ್ಟು ಮೂರೂವರೆ ಸಾವಿರ ಆಯಿತು. ಅದರಲ್ಲಿ ಸಾವಿರ ಥರ್ಮಾಮೀಟರ್‌ಗಳಿಗೇ. ಹತ್ತು ಹನ್ನೆರಡು ಜನರ ಬಾಡೂಟಕ್ಕೆ ಧಾರಾಳ. ಕೊರತೆ ಇಲ್ಲ ಅಂತಲ್ಲ. ಮುಚ್ಚಳ ತೆಗೆದ ಕೂಡಲೇ ಗಾಳಿ ಸಿಕ್ಕಿ ಬೆಂಕಿ ಏಳುತ್ತದೆ, ಹಾಗಾಗಿ ಪದೇ ಪದೇ ಇಣುಕುವವರಿಗೆ ಇದು ಆಗಿಬರುವುದಿಲ್ಲ. ಇದ್ದಿಲು ಸೇರಿಸಬೇಕು ಅಂದರೆ ಜಾಲರಿ ಎತ್ತಬೇಕು. ತಗಡು ತೆಳು, ಎರಡು ಮಳೆಗಾಲ ಹೊರಗೆ ಬಿಟ್ಟರೆ ತಳ ತುಕ್ಕು ಹಿಡಿಯುತ್ತದೆ. ಹೊರಗೆ ಬೈಕ್ ಸೈಲೆನ್ಸರ್‌ಗೆ ಹೊಡೆಯುವ ಕಪ್ಪು ಬಣ್ಣ ಹೊಡೆದು, ಕೆಲಸ ಮುಗಿದ ಮೇಲೆ ಬೂದಿ ತೆಗೆದು ಮುಚ್ಚಿಡಿ. ಬೂದಿ ನೀರು ಕುಡಿದು ಕೂತರೆ ತಳವನ್ನು ತಿಂದುಹಾಕುತ್ತದೆ.

ಇಟ್ಟಿಗೆ ಗೂಡು: ಊರಲ್ಲಿ ಜಾಗ ಇದ್ದವರಿಗೆ

ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲೆಮನೆ ಒಲೆ ನೋಡಿದ್ದರೆ ಸಾಕು. ಒಂದು ಕಡೆ ಸಿಪ್ಪೆ ತುರುಕುತ್ತಾರೆ, ಉರಿ ಕೊಪ್ಪರಿಗೆಯ ಅಡಿಯಲ್ಲಿ ಹಾದು ಇನ್ನೊಂದು ಕಡೆ ಚಿಮಣಿಯಲ್ಲಿ ಹೊರಡುತ್ತದೆ. ಅದೇ ತತ್ವ, ಅಳತೆ ಸಣ್ಣದು, ಉರಿಯ ಬದಲು ಹೊಗೆ.

ಒಳಗೆ ಎರಡು ಅಡಿಗೆ ಒಂದೂಮುಕ್ಕಾಲು ಅಡಿ, ಮೂರಡಿ ಎತ್ತರ, ಒಂದೇ ಇಟ್ಟಿಗೆಯ ಗೋಡೆ. ತಳವೂ ಸೇರಿ ನೂರೈವತ್ತರಿಂದ ನೂರೆಂಬತ್ತು ಇಟ್ಟಿಗೆ ಸಾಕು. ಕೆಳಗೆ ಮುಂದುಗಡೆ ಒಲೆ ಬಾಯಿ, ಅದಕ್ಕೊಂದು ಸಡಿಲ ಇಟ್ಟಿಗೆಯೇ ಬಾಗಿಲು. ಎಳೆದರೆ ಗಾಳಿ, ತಳ್ಳಿದರೆ ಬಂದ್. ಮೇಲಿನಿಂದ ಮೂರು ಸಾಲು ಬಿಟ್ಟು ಜಾಲರಿ ಕೂರಿಸಲು ಎರಡು ಕಂಬಿ. ಮೇಲೆ ಒಂದು ಎಂ.ಎಸ್. ತಗಡು. ಸಿಮೆಂಟ್ ಗಾರೆ ಬೇಡ, ಉರಿ ತಾಗುವ ಕಡೆ ಕಾದು ಕಾದು ಪುಡಿಯಾಗುತ್ತದೆ. ಕೆರೆಯ ಜೇಡಿಮಣ್ಣಿಗೆ ಎರಡು ಪಾಲು ಮರಳು ಕಲಸಿ. ಅಥವಾ ಏನೂ ಹಾಕದೆ ಸುಮ್ನೆ ಜೋಡಿಸಿ, ಇಷ್ಟವಾಗದಿದ್ದರೆ ಬಿಚ್ಚಿ ಬೇರೆ ಥರ ಕಟ್ಟಿ. ಜೋಡಿಸಿದ ಗೂಡು ಸೋರುತ್ತದೆ ಅನ್ನಿ. ಆ ಸಂದಿಗೆ ಹಸಿ ಮಣ್ಣು ಮೆತ್ತಿದರೆ ಆಯಿತು.

ಊರುಗಳಲ್ಲಿ ಸೈಜುಗಲ್ಲು ಬಿದ್ದಿರುತ್ತದೆ, ಅದರಲ್ಲೇ ಕಟ್ಟೋಣ ಅನ್ನಿಸುತ್ತದೆ. ಬೇಡ. ನಮ್ಮ ಕಲ್ಲು ಒಡೆಯುವವರು ಬಂಡೆಯ ಮೇಲೆ ಬೆಂಕಿ ಹಾಕಿಯೇ ಪದರ ಎಬ್ಬಿಸುತ್ತಿದ್ದರು ಅನ್ನೋದು ನೆನಪಿರಲಿ. ಹೊಳೆಯ ಉರುಟು ಕಲ್ಲು ಇನ್ನೂ ಅಪಾಯ. ಒಳಗೆ ಸೇರಿದ ನೀರು ಆವಿಯಾಗಿ ಸಿಡಿಯುತ್ತದೆ.

ಇಟ್ಟಿಗೆಯ ಗುಣ ಅಂದರೆ ತಡೆದುಕೊಳ್ಳುವುದು. ಒಮ್ಮೆ ಕಾದರೆ ಆಷಾಢದ ಗಾಳಿಗೂ ಜಗ್ಗುವುದಿಲ್ಲ. ಆದರೆ ಕಾಯಲು ಒಂದೂವರೆ ಗಂಟೆ, ಅದಕ್ಕೆ ಬೇರೆ ಸೌದೆ. ಎರಡು ಕೆಜಿ ಕೋಳಿಗಾಗಿ ಇದನ್ನು ಹೊತ್ತಿಸುವುದು ಸೊಳ್ಳೆಗೆ ದೊಣ್ಣೆ ಎತ್ತಿದ ಹಾಗೆ. ಇಪ್ಪತ್ತು ಮೂವತ್ತು ಜನ ಸೇರುವ ಮನೆಗಾದರೆ ಇದರ ಮುಂದೆ ಯಾವುದೂ ಇಲ್ಲ. ಮನೆಯಲ್ಲೇ ಉಳಿದ ಇಟ್ಟಿಗೆ ಇದ್ದರೆ ಸಾವಿರ ರೂಪಾಯಿಯೂ ಆಗುವುದಿಲ್ಲ, ಕೊಂಡರೆ ಎರಡು ಮೂರು ಸಾವಿರ.

ತಾರಸಿ ಮೇಲೆ ಮಾತ್ರ ಕಟ್ಟಬೇಡಿ. ಇಟ್ಟಿಗೆಗೆ ಮೂರು ಕೆಜಿ ಅಂದರೂ ಅರ್ಧ ಟನ್. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆಜಿ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಈ ಗೂಡು ಅರ್ಧ ಟನ್ ಭಾರವನ್ನು ಒಂದು ಚದರ ಮೀಟರಿಗಿಂತ ಕಮ್ಮಿ ಜಾಗದಲ್ಲಿ ಹೇರುತ್ತದೆ.

ವೆಲ್ಡಿಂಗ್ ಕಲಿಯಲೇಬೇಕು ಅಂತಿದ್ದರೆ

ಎಲ್ಲರ ಕಣ್ಣು ಆ ರೈಲು ಎಂಜಿನ್ ಥರದ್ದರ ಮೇಲೆ. ಪಕ್ಕದಲ್ಲಿ ಒಲೆಗೂಡು, ನಡುವೆ ಅಡುಗೆ ಕೊಳವೆ, ಆ ತುದಿಯಲ್ಲಿ ಹೊಗೆಗೂಡು. ಆಫ್‌ಸೆಟ್ ಅನ್ನುತ್ತಾರೆ. ನೋಡಲು ಚಂದ, ರುಚಿಯೂ ಚಂದ, ಯಾಕೆಂದರೆ ಇದ್ದಿಲಲ್ಲ, ಬರೀ ಸೌದೆ ಉರಿಯುತ್ತದೆ. ಆದರೆ ಒಳ್ಳೆಯ ಆಫ್‌ಸೆಟ್ಟಿಗೆ 6 ಮಿಲಿಮೀಟರ್ ಪ್ಲೇಟು ಬೇಕು. ಅದರ ಒಂದು ಚದರ ಮೀಟರ್ ತೂಕ 47 ಕೆಜಿ. ಅರ್ಧ ಮೀಟರ್ ಅಡ್ಡಗಲ, ಒಂದು ಮೀಟರ್ ಉದ್ದದ ಕೊಳವೆಗೇ 90 ಕೆಜಿ ದಾಟುತ್ತದೆ. ಒಲೆಗೂಡು ಸೇರಿದರೆ 160. ಕಬ್ಬಿಣದ ದುಡ್ಡೇ ಹತ್ತು ಹನ್ನೆರಡು ಸಾವಿರ. ತೆಳು ತಗಡಿನಲ್ಲಿ ಮಾಡಿದರೆ ದುಡ್ಡು ಉಳಿಯುತ್ತದೆ, ಬಿಸಿ ಉಳಿಯುವುದಿಲ್ಲ. ಅರ್ಧ ಗಂಟೆಗೊಮ್ಮೆ ಸೌದೆ ಒಡ್ಡುತ್ತಾ ಪಕ್ಕದಲ್ಲೇ ಕೂರಬೇಕು. ಒಲೆ ಕಡೆ ಒಂದು ತಾಪ, ಆ ತುದಿಯಲ್ಲಿ ಇಪ್ಪತ್ತು ಮೂವತ್ತು ಡಿಗ್ರಿ ಕಮ್ಮಿ. ದುಂಡಗಿನ ಕೊಳವೆಯಲ್ಲಿ ಮುಚ್ಚಳ ಕತ್ತರಿಸಿದ ಕೂಡಲೇ ಕಬ್ಬಿಣ ಬಿಡುಗಡೆಯಾದಂತೆ ಸೊಟ್ಟಗಾಗುತ್ತದೆ. ನನ್ನ ಮೊದಲ ಡ್ರಮ್ಮಿನ ಕಥೆ ಅದೇ. ಪೂರಾ ಕತ್ತರಿಸುವ ಮೊದಲೇ ಕೀಲು ಬೆಸೆದು, ಆಮೇಲೆ ಉಳಿದ ಭಾಗ ಕತ್ತರಿಸಬೇಕಿತ್ತು.

ಹಾಗಾಗಿ ಮೊದಲ ವೆಲ್ಡಿಂಗಿಗೆ ಇದು ಬೇಡ. ಬದಲಿಗೆ ಚೌಕ ಪೆಟ್ಟಿಗೆ ಮಾಡಿ. ಒಂದೂವರೆ ಅಡಿ ಚದರ, ಮೂರೂಕಾಲು ಅಡಿ ಎತ್ತರ, ಬೀರುವಿನ ಥರ ಮುಂದುಗಡೆ ಬಾಗಿಲು. 3 ಮಿಲಿಮೀಟರ್ ಶೀಟು, ಒಟ್ಟು ತೂಕ 50 ಕೆಜಿ ಚಿಲ್ಲರೆ. ಶೀಟ್ ಕೊಂಡ ಕಡೆಯೇ ಶಿಯರಿಂಗ್ ಮಷಿನ್ನಿನಲ್ಲಿ ಅಳತೆಗೆ ಕತ್ತರಿಸಿಕೊಂಡು ಬನ್ನಿ. ನಿಮಗೆ ಉಳಿಯುವುದು ನೇರ ಗೆರೆಯ ಬೆಸುಗೆ ಮಾತ್ರ. ಇದರಲ್ಲಿ ಬೆಸುಗೆ ದೊಡ್ಡ ಭಾರ ಹೊರಬೇಕಿಲ್ಲ, ಗಾಳಿ ತಡೆದರೆ ಸಾಕು. ನೋಡಲು ಕಾಗೆ ಹಿಕ್ಕೆ ಥರ ಇದ್ದರೂ ಪರವಾಗಿಲ್ಲ. ಮೊದಲು ಸುತ್ತಲೂ ಚುಕ್ಕೆ ಚುಕ್ಕೆ ಟ್ಯಾಕ್ ಹಾಕಿ, ಮೂಲೆಮಟ್ಟ ಹಿಡಿದು ನೋಡಿ, ಆಮೇಲೆ ಒಂದೊಂದು ಇಂಚು, ಇಲ್ಲಿ ಒಂದು ಅಲ್ಲಿ ಒಂದು ಬೆಸೆಯಿರಿ. ಒಂದೇ ಕಡೆ ಎಳೆದರೆ ಶೀಟು ಹಪ್ಪಳದ ಥರ ಮುರುಟುತ್ತದೆ. ಬಾಗಿಲು ಸ್ವಲ್ಪ ಸೋರಿದರೆ ಬಿರಿಯಾನಿ ದಮ್ಮಿಗೆ ಮೆತ್ತುವಂತೆ ಗೋಧಿ ಹಿಟ್ಟು ಮೆತ್ತಿ. ನಾನು ಇವತ್ತಿಗೂ ಹಾಗೇ ಮಾಡುವುದು. ಖರ್ಚು ಐದಾರು ಸಾವಿರ, ವೆಲ್ಡಿಂಗ್ ಮಷಿನ್ ಬಾಡಿಗೆ ಬೇರೆ. ಸಣ್ಣ ಇನ್ವರ್ಟರ್ ಮಷಿನ್ನಾದರೆ 80 ಆಂಪಿಯರಿಗೆ ಮನೆಯ 15 ಆಂಪಿಯರ್ ಪ್ಲಗ್ ಸಾಕು.

ಕಣ್ಣು ಜೋಪಾನ. ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬೆಸೆದರೆ ರಾತ್ರಿ ಕಣ್ಣಿಗೆ ಮರಳು ಸುರಿದ ಹಾಗಾಗುತ್ತದೆ. ಹತ್ತು ಅಥವಾ ಹನ್ನೊಂದು ನಂಬರಿನ ಗಾಜಿರುವ ಮುಖಕವಚ ಬೇಕು. ಹವಾಯಿ ಚಪ್ಪಲಿ ಬಿಟ್ಟು ಶೂ ಹಾಕಿ. ಜಿ.ಐ. ಶೀಟು ಬೆಸೆಯಬೇಡಿ, ಸತುವಿನ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಒಲೆಯಾಗಿಯೂ ಅದು ಬೇಡ.

ಶಾಪಿನಲ್ಲಿ ಮಾಡಿಸುವುದಾದರೆ

ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆ ಫ್ಯಾಬ್ರಿಕೇಶನ್ ಕೆಲಸದವರಿಗೆ ಬರವಿಲ್ಲ. ಗೇಟು, ಗ್ರಿಲ್ ಮಾಡುವವರಿಗೆ ಇದೇನು ಕಷ್ಟವಲ್ಲ. ಕೆಜಿ ಲೆಕ್ಕದಲ್ಲಿ ದರ ಹೇಳುತ್ತಾರೆ, ಹಾಗಾಗಿ ದಪ್ಪ ಎಷ್ಟು ಅನ್ನುವುದನ್ನು ನೀವೇ ಬರೆದುಕೊಡಿ. ಬಾಯಲ್ಲಿ ಹೇಳಬೇಡಿ, ಹಾಳೆಯಲ್ಲಿ ಅಳತೆ ಗೀಚಿ ಕೊಡಿ. ನಾನು ಎಲ್ಲಾ ಹೇಳಿ ಒಂದನ್ನು ಮರೆತೆ. ವಾರ ಬಿಟ್ಟು ತರಲು ಹೋದರೆ ಪೆಟ್ಟಿಗೆ ಒಳಗೆಲ್ಲಾ ಕೆಂಪಗೆ ಹೊಳೆಯುತ್ತಿತ್ತು. "ಸಾರ್, ತುಕ್ಕು ಹಿಡೀಬಾರ್ದು ಅಂತ ಒಳಗೂ ಎರಡು ಕೋಟ್ ರೆಡ್ ಆಕ್ಸೈಡ್ ಹೊಡ್ಸಿದ್ದೀನಿ" ಅಂದರು, ಪಾಪ, ಖುಷಿಯಿಂದ. ಅದನ್ನು ಸುಟ್ಟು ಕೆರೆಯಲು ನನಗೆ ಎರಡು ಭಾನುವಾರ ಹಿಡಿಯಿತು. "ಒಳಗೆ ಬಣ್ಣ ಬೇಡ" ಅಂತ ದಪ್ಪಕ್ಷರದಲ್ಲಿ ಬರೆಯಿರಿ.

ಇನ್ನೊಂದು ದಾರಿಯೂ ಇದೆ, ನನಗೆ ಅದೇ ಜಾಣತನ ಅನ್ನಿಸುತ್ತದೆ. ಪೂರ್ತಿ ಮಾಡಿಸಬೇಡಿ, ಪೂರ್ತಿ ನೀವೂ ಮಾಡಬೇಡಿ. ನಿಂತ ಡ್ರಮ್ ನೀವೇ ಕೊರೆಯಿರಿ. ಚಕ್ರ ಇರುವ ಸ್ಟ್ಯಾಂಡು, ಇದ್ದಿಲಿನ ಬುಟ್ಟಿ ಇವೆರಡನ್ನು ಮಾತ್ರ ಶಾಪಿನಲ್ಲಿ ಬೆಸೆಸಿ. ಅರ್ಧ ಗಂಟೆಯ ಕೆಲಸ, ಕೆಲವು ನೂರರಲ್ಲಿ ಮುಗಿಯುತ್ತದೆ.

ಇವು ಬೇಡವೇ ಬೇಡ

ಹಳೆ ಫ್ರಿಜ್ಜಿನಲ್ಲಿ ಮಾಡಿದ ವಿಡಿಯೊ ನೋಡಿ ಮರುಳಾಗಬೇಡಿ. ಒಳಗೆ ಪ್ಲಾಸ್ಟಿಕ್, ಗೋಡೆಯೊಳಗೆ ಫೋಮ್, ಕೊಳವೆಯಲ್ಲಿ ಗ್ಯಾಸ್. ಅಡುಗೆ ಅನಿಲದ ಸಿಲಿಂಡರ್ ಸೀಳುವುದಂತೂ ಯೋಚನೆಗೂ ಬೇಡ. ಅಮೆರಿಕದಲ್ಲಿ ಹಳೆ ಟ್ಯಾಂಕ್ ಸೀಳುತ್ತಾರೆ ನಿಜ. ಇಲ್ಲಿ ನಾವು ಕಟ್ಟಿರುವುದು ಠೇವಣಿ ಮಾತ್ರ, ಸಿಲಿಂಡರ್ ಕಂಪನಿಯ ಸ್ವತ್ತು. ಅದು ಬಿಟ್ಟರೂ ಉಳಿದ ಗ್ಯಾಸಿಗೆ ಒಂದು ಕಿಡಿ ಸಾಕು.

ಸೌದೆಯ ಮಾತು

ಯಾವ ಸ್ಮೋಕರ್ ಆದರೂ ಒಳಗೆ ಹಾಕುವುದು ಇದನ್ನೇ. ಸೀಬೆ, ಮಾವು, ಹುಣಸೆ ಮೂರೂ ಚೆನ್ನ. ಸೀಬೆಯ ಹೊಗೆ ಕೋಳಿಗೆ, ಮೀನಿಗೆ ಹೇಳಿ ಮಾಡಿಸಿದ ಹಾಗಿದೆ. ಟೆಕ್ಸಾಸಿನವರು ಹೊಗಳುವ ಮೆಸ್ಕೀಟ್ ಮರ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಅದರ ಹೊಗೆ ಖಾರ, ಒಂದೆರಡು ತುಂಡು ಸಾಕು. ನೀಲಗಿರಿ ಬೇಡ, ಎಣ್ಣೆ ವಾಸನೆ ಹೊಡೆಯುತ್ತದೆ. ಕಣಗಿಲೆ ವಿಷ. ಪ್ಲೈವುಡ್, ಬಣ್ಣದ ಹಲಗೆ, ಹಳೆ ಕಿಟಕಿ ಚೌಕಟ್ಟು ಹತ್ತಿರಕ್ಕೂ ತರಬೇಡಿ. ಸೌದೆ ಒಣಗಿರಬೇಕು, ನೀರಲ್ಲಿ ನೆನೆಸುವುದು ಸುಮ್ನೆ ಹಬೆ ಎಬ್ಬಿಸಲು.

ಥರ್ಮಾಮೀಟರ್ ಎರಡು ಬೇಕು, ಜಾಲರಿಯ ಮಟ್ಟಕ್ಕೆ ಒಂದು, ಮಾಂಸಕ್ಕೆ ಚುಚ್ಚಲು ಒಂದು. ಕುದಿಯುವ ನೀರಿನಲ್ಲಿ ಇಟ್ಟು ಪರೀಕ್ಷಿಸುವಾಗ 100 ತೋರಿಸಲಿಲ್ಲ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಕೋಳಿ ಒಳಗೆ 74 ಡಿಗ್ರಿ ಮುಟ್ಟಬೇಕು. ಕುರಿಯ ಭುಜ, ಹಂದಿಯ ಭುಜ ಎಳೆದರೆ ಬಿಡಿಸಿಕೊಳ್ಳುವಂತೆ ಬೇಕಾದರೆ 90 ದಾಟಬೇಕು. 65–70ರ ಹತ್ತಿರ ಮುಳ್ಳು ಗಂಟೆಗಟ್ಟಲೆ ನಿಂತುಬಿಡುತ್ತದೆ. ಸ್ಮೋಕರ್ ಕೆಟ್ಟಿಲ್ಲ. ಮಾಂಸದ ನೀರು ಆರುತ್ತಾ ಅದನ್ನು ತಂಪು ಮಾಡುತ್ತಿರುತ್ತದೆ, ಅಷ್ಟೇ. ಇಂಥ ಹೊತ್ತಿನಲ್ಲೇ ಇದ್ದಿಲು ಎಷ್ಟು ಗಂಟೆ ಬರುತ್ತದೆ ಅನ್ನೋದು ಲೆಕ್ಕಕ್ಕೆ ಬರುವುದು.

ಈಗ ನಿಮ್ಮ ಲೆಕ್ಕ ಹಾಕಿ

ಬಾಡಿಗೆ ಮನೆ, ಮೂರು ಜನ: ಕುಂಡ. ನಿಮಗೆ ಹೊಗೆಯ ರುಚಿ ಹಿಡಿಸುತ್ತದೋ ಇಲ್ಲವೋ ಅಂತಲೇ ಗೊತ್ತಿಲ್ಲದಿದ್ದರೂ ಕುಂಡವೇ. ಊರಲ್ಲಿ ಹಿತ್ತಲು, ವರ್ಷಕ್ಕೆ ನಾಲ್ಕೈದು ಬಾರಿ ನೆಂಟರಿಷ್ಟರು ಬರುವ ಮನೆ, ಸೌದೆಗೆ ದುಡ್ಡು ಕೊಡುವ ಹಾಗಿಲ್ಲ ಅಂದರೆ ಕಣ್ಣುಮುಚ್ಚಿ ಇಟ್ಟಿಗೆ. ದುಡ್ಡಿದೆ, ಹೊತ್ತಿಲ್ಲ ಅನ್ನುವವರು 3 ಮಿಲಿಮೀಟರಿನ ಚೌಕ ಪೆಟ್ಟಿಗೆ ಮಾಡಿಸಿಕೊಳ್ಳಿ. ಹೊತ್ತಿದೆ, ಕೈ ಸುಮ್ಮನಿರುವುದಿಲ್ಲ ಅನ್ನುವವರು ಅದನ್ನೇ ನೀವಾಗಿ ಬೆಸೆಯಿರಿ. ಆಫ್‌ಸೆಟ್ ಎರಡನೇ ಸ್ಮೋಕರ್ ಆಗಲಿ. ಉಳಿದವರಿಗೆಲ್ಲಾ ನಿಂತ ಡ್ರಮ್. ಸ್ವಂತ ಮನೆಯ ತಾರಸಿಗೂ ಆದೀತು, ಅಡಿಯಲ್ಲಿ ಎರಡು ಸಾಲು ಇಟ್ಟಿಗೆ ಇಟ್ಟು, ಗಾಳಿಗೆ ಬೆನ್ನು ಮಾಡಿ ಇಡಬೇಕು. ಮನೆ ಬದಲಿಸಿದರೆ ಗೂಡ್ಸ್ ಆಟೋದಲ್ಲಿ ಹೋಗುತ್ತದೆ. ಪಕ್ಕದ ಮನೆಯವರು ಸಸ್ಯಾಹಾರಿಗಳಾದರೆ ಮೊದಲ ದಿನ ಅವರಿಗೆ ಹೊಗೆಯಲ್ಲಿ ಬೆಂದ ಎಳೆ ಹಲಸಿನಕಾಯಿ, ಪನೀರ್ ಕೊಡಿ. ಆಮೇಲೆ ಹೊಗೆಯ ತಕರಾರು ಕಮ್ಮಿಯಾಗುತ್ತದೆ, ನನ್ನ ಅನುಭವ.

ವರ್ಷತೊಡಕಿಗೆ ಬೇಕು ಅಂದರೆ ಡ್ರಮ್ ಸುಡುವ ಕೆಲಸ ಮೂರು ವಾರ ಮೊದಲೇ ಮುಗಿದಿರಲಿ. ಮೊದಲ ಸಲಕ್ಕೆ ಬಂಡೂರು ಕುರಿ ತರಬೇಡಿ, ಆ ಬೆಲೆಯ ಬಾಡನ್ನು ಕಲಿಯುವುದರಲ್ಲಿ ಹಾಳು ಮಾಡಬಾರದು. ನಾಟಿಕೋಳಿಯೂ ಬೇಡ, ಅದರಲ್ಲಿ ಕೊಬ್ಬು ಕಮ್ಮಿ, ಒಣಗಿ ನಾರಾಗುತ್ತದೆ. ಒಂದೂವರೆ ಕೆಜಿಯ ಫಾರಂ ಕೋಳಿ ಎರಡು ತಂದು, ಹಿಂದಿನ ರಾತ್ರಿಯೇ ಉಪ್ಪು, ಮೆಣಸಿನಪುಡಿ ಸವರಿಟ್ಟು, ಬೆಳಗ್ಗೆ ಹತ್ತಕ್ಕೆ ಬೆಂಕಿ ಹಾಕಿ. ವಾಲ್ವ್ ಅರ್ಧ ತೆರೆದಾಗ ಎಷ್ಟು, ಕಾಲು ತೆರೆದಾಗ ಎಷ್ಟು ಅಂತ ಅರ್ಧ ಗಂಟೆಗೊಮ್ಮೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಧ್ಯಾಹ್ನ ಎರಡರ ಹೊತ್ತಿಗೆ ಊಟಕ್ಕೆ ಕೂರಬಹುದು. ಆ ಚೀಟಿಯನ್ನು ಡ್ರಮ್ಮಿನ ಜೊತೆಗೇ ಇಟ್ಟುಕೊಳ್ಳಿ, ತೊಡೆ ಬೇಯಿಸುವ ದಿನ ಅದೇ ಕೆಲಸಕ್ಕೆ ಬರುತ್ತದೆ.